ರೈತರಿಗೆ ಹೇಳುವ ಮುನ್ನ ಕಾಟಾದವರಿಗೆ ಹೇಳಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಬರುವ ಹಂಗಾಮಿನಿಂದ ಕಟಾವಿನ ಆದೇಶ, ತೂಕದ ಚೀಟಿ, ಬಿಲ್ಲಿನ ವಿವರ ಮೂರನ್ನೂ ರೈತರ ಮೊಬೈಲ್‌ಗೆ ಕಳಿಸುವ ಯೋಜನೆಯಿದೆ. ಹೊಣೆ ನನ್ನ ಮೇಲೆ ಬಿದ್ದಿದೆ. ಯಾರಿಗೆ, ಯಾವಾಗ, ಏನು ತಿಳಿಸುತ್ತೀರಿ ಎನ್ನುವ ‘ಕಮ್ಯುನಿಕೇಶನ್ ಪ್ಲ್ಯಾನ್’ ಅನ್ನು 15 ದಿನದಲ್ಲಿ ಕೊಡಿ ಎಂದು ಎಂ.ಡಿ. ಕೇಳಿದ್ದಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಕೋಷ್ಟಕವನ್ನು ತುಂಬಿ ತೋರಿಸಿದೆ, ಇದರೊಂದಿಗೆ ಇಟ್ಟಿದ್ದೇನೆ. ಕಬ್ಬು ವಿಭಾಗದ ಮುಖ್ಯಸ್ಥರು ನೋಡಿ, ‘ಫೈಲಿಗೆ ಚಂದ ಐತಿ, ಊರಾಗ ನಡಿಯೂದಿಲ್ಲ’ ಅಂದರು. ಕಟಾವಿನ ಚೀಟಿ ಊರಿಗೆ ತರುವ ಅವರ ಫೀಲ್ಡ್‌ಮನ್‌ಗಳಿಗೂ ಈ ಯೋಜನೆ ಬೇಡವಾಗಿದೆ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಸಣ್ಣ ಪ್ರಶ್ನೆ: ಪ್ಲ್ಯಾನ್ ಇಂಗ್ಲಿಷಿನಲ್ಲಿರಬೇಕೋ, ಕನ್ನಡದಲ್ಲೋ?

ಉತ್ತರ:

ನಿಮ್ಮ ಕೋಷ್ಟಕವನ್ನು ಎರಡು ಸಲ ಓದಿದೆ. ಹನ್ನೊಂದು ಗುಂಪುಗಳನ್ನು ಬರೆದಿದ್ದೀರಿ. ಪ್ರತಿಯೊಂದರ ಮುಂದೆ ವಿಷಯ, ಮಾಧ್ಯಮ, ಎಷ್ಟು ದಿನಕ್ಕೊಮ್ಮೆ ಅನ್ನುವುದೂ ಇದೆ. ಶ್ರಮಪಟ್ಟು ಮಾಡಿದ್ದು ಕಾಣುತ್ತದೆ. ಆದರೆ ನಿಮ್ಮ ಕಬ್ಬು ವಿಭಾಗದ ಮುಖ್ಯಸ್ಥರ ಮಾತಿನಲ್ಲಿ ಹುರುಳಿದೆ, ಅದನ್ನು ವಿರೋಧವೆಂದು ತಿಳಿಯಬೇಡಿ. ಅವರು ಹೇಳಿದ್ದು ಒಂದು ಕೊರತೆಯ ಬಗ್ಗೆ. ನಿಮ್ಮ ಕೋಷ್ಟಕದಲ್ಲಿ ಕಾರ್ಖಾನೆಯಿಂದ ಹೊರಗೆ ಹೋಗುವ ಮಾತು ಪೂರ್ತಿ ಇದೆ. ಊರೊಳಗೆ ಯಾರು ಯಾರನ್ನು ಕೇಳುತ್ತಾರೆ ಅನ್ನುವುದು ಎಲ್ಲಿಯೂ ಇಲ್ಲ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. 22 ವರ್ಷ ಕಬ್ಬು ವಿಭಾಗಗಳಲ್ಲಿ ದುಡಿದು ಈಗ ಬೆಳಗಾವಿಯಲ್ಲಿದ್ದು ಇಂಥ ಬದಲಾವಣೆಗಳಿಗೆ ಸಲಹೆ ಕೊಡುತ್ತೇನೆ. ಹತ್ತು-ಹನ್ನೆರಡು ವರ್ಷದ ಹಿಂದೆ, ನಾನಿದ್ದ ಕಾರ್ಖಾನೆಯಲ್ಲಿ ಯಾರ್ಡ್‌ಗೆ ಟೋಕನ್ ಪದ್ಧತಿ ತಂದೆವು. ಟ್ರ್ಯಾಕ್ಟರ್ ಸಾಲಿನಲ್ಲಿ ರಾತ್ರಿಯಿಡೀ ಡ್ರೈವರ್ ಕೂತಿರಬೇಕಾಗಿಲ್ಲ, ಗೇಟಿನಲ್ಲಿ ಟೋಕನ್ ತಗೊಂಡು ಮಲಗಬಹುದು ಎನ್ನುವುದು ಅದರ ಉದ್ದೇಶ. ನಿರ್ದೇಶಕ ಮಂಡಳಿಗೆ ಹೇಳಿದೆವು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು, ಹಳ್ಳಿಹಳ್ಳಿಗೆ ಬ್ಯಾನರ್ ಕಟ್ಟಿದೆವು. ಗೇಟಿನ ವಾಚ್‌ಮನ್‌ಗೆ ಹೇಳಲಿಲ್ಲ. ಅವರು ಗುತ್ತಿಗೆದಾರರ ಜನ, ರಾತ್ರಿ ಎಂಟಕ್ಕೆ ಪಾಳಿ ಬದಲಾಗುತ್ತದೆ, ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮೊದಲ ರಾತ್ರಿ ಬಂದ ಮೊದಲ ಡ್ರೈವರ್ ಕೇಳಿದ್ದು ಅವರನ್ನೇ: ‘ಟೋಕನ್ ಎಲ್ಲಿ ಕೊಡ್ತಾರ್ರಿ?’ ಆತ ಅಂದ: ‘ನಮಗೇನ್ ಹೇಳಿಲ್ಲಪಾ, ಮುಂಜಾನೆ ಸಾಹೇಬ್ರು ಬಂದ ಮ್ಯಾಲ ಕೇಳು.’ ಸುಳ್ಳು ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಆ ಒಂದು ಮಾತಿಗೆ ನಡುರಾತ್ರಿಯೊಳಗೆ ಟ್ರ್ಯಾಕ್ಟರ್ ಸಾಲು ಹೆದ್ದಾರಿ ಮುಟ್ಟಿತು. ಬೆಳಗಾಗುವಷ್ಟರಲ್ಲಿ ಸುತ್ತಲಿನ ಊರುಗಳಲ್ಲಿ ‘ಕಾರ್ಖಾನಿ ಕಬ್ಬು ತಗೊಳ್ಳೂದು ಬಂದ್ ಮಾಡೈತಿ’ ಅಂತ ಸುದ್ದಿ. ಕಡಿದ ಕಬ್ಬು ಗಾಡಿಯಲ್ಲೇ ಒಣಗುತ್ತದೆ. ತಾಸು ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆ ನಷ್ಟ ರೈತರದಾಯಿತು. ಪ್ಲ್ಯಾನ್ ಬರೆದವನು ನಾನು.

ಅಂದಿನಿಂದ ಯಾವ ಯೋಜನೆಗೂ ನಾನು ಮೊದಲು ಹಾಕುವ ನಿಯಮ ಒಂದೇ. ಪ್ರಶ್ನೆ ಕೇಳುವವರಿಗೆ ಸುದ್ದಿ ಮುಟ್ಟುವುದಕ್ಕಿಂತ ಮುಂಚೆ, ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರಿಗೆ ಸುದ್ದಿ ಮುಟ್ಟಿರಬೇಕು. ರೈತರಿಗೆ ಸಂದೇಶ ಬರುತ್ತದೆ, ತಿಳಿಯುವುದಿಲ್ಲ. ಅವರು ನಿಮಗೆ ಫೋನ್ ಮಾಡುವುದಿಲ್ಲ, ನೀವು ಯಾರೆಂದೇ ಅವರಿಗೆ ಗೊತ್ತಿಲ್ಲ. ಕಾಟಾ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದ ಗುಮಾಸ್ತರನ್ನು ಕೇಳುತ್ತಾರೆ, ಫೀಲ್ಡ್‌ಮನ್‌ರನ್ನು ಕೇಳುತ್ತಾರೆ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಸೆಕ್ರೆಟರಿಯನ್ನು ಕೇಳುತ್ತಾರೆ, ಇಲ್ಲವೇ ಮನೆಯಲ್ಲಿ ಓದಿದ ಮಗನನ್ನು. ಈ ನಾಲ್ವರಲ್ಲಿ ಮೂವರನ್ನು ನೀವು ಈಗಲೇ ಮುಟ್ಟಬಹುದು. ನಾಲ್ಕನೆಯವನನ್ನು ಪಂಚಮಿ ಹಬ್ಬದಲ್ಲಿ ಮುಟ್ಟಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಹೀಗಾಗಿ ಕೋಷ್ಟಕವನ್ನು ಎಸೆಯಬೇಡಿ, ಅಂಕಣ ಬದಲಿಸಿ. ‘ಮಾಧ್ಯಮ’, ‘ಆವರ್ತನ’ ಎನ್ನುವವು ಕೊನೆಗೆ ಹೋಗಲಿ. ಮೊದಲ ಅಂಕಣ: ಇವರು ಯಾರು. ಎರಡನೆಯದು: ಈ ಬದಲಾವಣೆಯಿಂದ ತಮ್ಮ ಕೈಯಿಂದ ಏನು ಹೋಗುತ್ತದೆಂದು ಇವರು ಹೆದರುತ್ತಾರೆ. ಮೂರನೆಯದು: ಯಾರ ಬಾಯಿಂದ ಬಂದರೆ ನಂಬುತ್ತಾರೆ. ನಾಲ್ಕನೆಯದು: ಇವರನ್ನು ಯಾರು ಪ್ರಶ್ನೆ ಕೇಳುತ್ತಾರೆ. ನಾಲ್ಕನೆಯ ಅಂಕಣ ತುಂಬಿದರೆ ತಿಳಿಸುವ ಅನುಕ್ರಮ ತಾನೇ ಹೊರಬರುತ್ತದೆ, ಯಾಕೆಂದರೆ ಯಾರನ್ನು ಹೆಚ್ಚು ಜನ ಕೇಳುತ್ತಾರೋ ಅವರಿಗೆ ಮೊದಲು. ಯೋಜನಾ ನಿರ್ವಹಣೆಯ ಪಾಠಗಳಲ್ಲಿ ಒಂದು ಲೆಕ್ಕ ಹೇಳಿಕೊಡುತ್ತಾರೆ: ಹನ್ನೊಂದು ಗುಂಪುಗಳಿದ್ದರೆ ಅವುಗಳ ನಡುವೆ ಮಾತು ಓಡಾಡುವ ದಾರಿ 55. ನೀವು ಪಟ್ಟಿ ಮಾಡಿದ್ದು ನಿಮ್ಮಿಂದ ಹೊರಡುವ ಹನ್ನೊಂದನ್ನು ಮಾತ್ರ. ಆ 55ರಲ್ಲಿ ನಿಮ್ಮ ಯೋಜನೆಯ ಸುದ್ದಿ ನೀವಿಲ್ಲದೆಯೇ ಓಡಾಡುತ್ತಿರುತ್ತದೆ, ಈಗಾಗಲೇ ಓಡಾಡುತ್ತಿದೆ.

ಆ ಅಂಕಣ ತುಂಬಲು ಕಂಪ್ಯೂಟರ್ ಮುಂದೆ ಕೂರಬೇಡಿ. ಈಗ ಮಳೆಗಾಲ, ಕಾಟಾ ಖಾಲಿ ಇದೆ, ಗುಮಾಸ್ತರಿಗೆ ಬಿಡುವಿದೆ. ಹೋಗಿ ಅವರ ಕೋಣೆಯಲ್ಲಿ ಒಂದು ಮಧ್ಯಾಹ್ನ ಕೂತು, ಹಂಗಾಮಿನಲ್ಲಿ ಕಿಟಕಿಗೆ ಬಂದು ಜನ ಏನೇನು ಕೇಳುತ್ತಾರೆ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ‘ಖಾಲಿ ಗಾಡಿ ತೂಕ ನಿನ್ನೆಗಿಂತ ಯಾಕ ಹೆಚ್ಚ ಬಂತ್ರಿ?’ ‘ನನ್ನ ಹೆಸರಿಗೆ ಬರಬೇಕಾದ್ದು ಅಣ್ಣನ ಹೆಸರಿಗೆ ಯಾಕ ಬಂತು?’ ‘ಬಿಲ್ ಯಾವಾಗ?’ ಇಂಥ ಇಪ್ಪತ್ತು ಪ್ರಶ್ನೆ ಸಿಕ್ಕರೆ ನಿಮ್ಮ ಪ್ಲ್ಯಾನಿನ ಅರ್ಧ ಸಿಕ್ಕ ಹಾಗೆ.

ಇನ್ನು ಫೀಲ್ಡ್‌ಮನ್‌ಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯೋಜನೆ ಉಳಿಯುವುದೂ ಬೀಳುವುದೂ ಇವರ ಕೈಯಲ್ಲಿದೆ. ನಿಮ್ಮ ಕಚೇರಿಯಲ್ಲಿ ಬಹುಶಃ ಒಂದು ಮಾತಿದೆ: ‘ಅವರಿಗೆ ಪಾರದರ್ಶಕತೆ ಬೇಡ, ಅದಕ್ಕೇ ಅಡ್ಡಗಾಲು.’ ಹಾಗೆ ಯೋಚಿಸಿ ಅವರ ಮುಂದೆ ಹೋದರೆ ಕೆಲಸ ಕೆಟ್ಟಿತು. ಕಟಾವಿನ ಆದೇಶದ ಚೀಟಿ ಕೈಯಲ್ಲಿ ಹಿಡಿದು ಊರಿಗೆ ಬರುವ ಫೀಲ್ಡ್‌ಮನ್‌ಗೆ ಊರಿನಲ್ಲಿ ಒಂದು ಸ್ಥಾನವಿದೆ. ಕಟ್ಟೆಯ ಮೇಲೆ ಕೂರಿಸುತ್ತಾರೆ, ಚಹಾ ತರಿಸುತ್ತಾರೆ, ಮಗಳ ಮದುವೆಗೆ ಕರೆಯುತ್ತಾರೆ. ಅದೇ ಹೊತ್ತಿಗೆ, ಸರದಿ ತಪ್ಪಿದರೆ ಬೈಗುಳ ತಿನ್ನುವವರೂ ಅವರೇ. ಕಾರ್ಖಾನೆ ಎರಡು ದಿನ ನಿಂತರೆ ಊರಿಗೆ ಮುಖ ತೋರಿಸಬೇಕಾದವರೂ ಅವರೇ. ಚೀಟಿ ಮೊಬೈಲ್‌ಗೆ ಹೋದರೆ ಮರ್ಯಾದೆ ಹೋಗುತ್ತದೆ, ಬೈಗುಳ ಮಾತ್ರ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ತಪ್ಪಲ್ಲ, ನೀವು ಏನೂ ಮಾಡದಿದ್ದರೆ ಹಾಗೇ ಆಗುತ್ತದೆ.

ಮೊದಲು ಅವರ ಮುಖ್ಯಸ್ಥರ ಹತ್ತಿರ ಒಬ್ಬರೇ ಹೋಗಿ. ಮೀಟಿಂಗ್ ಕರೆಯಬೇಡಿ. ಹತ್ತು ಜನರ ಮುಂದೆ ಒಮ್ಮೆ ‘ಆಗೂದಿಲ್ಲ’ ಅಂದವರು ಆಮೇಲೆ ಒಪ್ಪಿಕೊಳ್ಳುವುದು ಕಷ್ಟ. ನಿಮ್ಮ ಕೋಷ್ಟಕ ತೋರಿಸಿ, ‘ಸರ್, ಊರಾಗ ನಡಿಯೂದಿಲ್ಲ ಅಂದ್ರಿ. ಎಲ್ಲಿ ತಪ್ಪೈತಿ ಗುರುತು ಹಾಕಿ ಕೊಡ್ರಿ’ ಎಂದು ಕೇಳಿ, ಪೆನ್ನು ಅವರ ಕೈಗೆ ಕೊಡಿ. ಅವರು ಗುರುತು ಹಾಕಿದ್ದನ್ನು ನಿಜವಾಗಿ ಬದಲಿಸಿ, ಬದಲಿಸಿದ್ದನ್ನು ಮರುದಿನವೇ ತೋರಿಸಿ. ಸಲಹೆ ಕೇಳಿ ಮೂಲೆಗಿಡುವುದಕ್ಕಿಂತ ಕೇಳದೇ ಇರುವುದು ವಾಸಿ.

ಫೀಲ್ಡ್‌ಮನ್‌ಗಳಿಗೆ ಯೋಜನೆಯಲ್ಲಿ ಒಂದು ನಿಜವಾದ ಕೆಲಸ ಕೊಡಿ. ನನ್ನ ಸಲಹೆ: ಕಟಾವಿನ ಸರದಿ ರೈತರ ಮೊಬೈಲ್‌ಗೆ ಹೋಗುವ ಹಿಂದಿನ ದಿನವೇ ಆಯಾ ಭಾಗದ ಫೀಲ್ಡ್‌ಮನ್‌ಗೆ ಹೋಗಲಿ, ತಪ್ಪಿದ್ದರೆ ತಿದ್ದುವ ಅವಕಾಶ ಕಾರಣ ಬರೆದು ಅವರಿಗಿರಲಿ. ರೈತರು ಕೇಳಿದಾಗ ‘ಹೌದು, ನಿಮ್ಮದು ನಾಳೆ ಐತಿ, ನಾನೂ ನೋಡೀನಿ’ ಎನ್ನುವ ಸ್ಥಿತಿಯಲ್ಲಿ ಅವರು ಇರಬೇಕು. ಬದಲಾವಣೆ ಎಷ್ಟೇ ಆದರೂ ‘ನನಗ ಗೊತ್ತಿಲ್ಲ’ ಅನ್ನುವ ಮಾತು ಅವರ ಬಾಯಿಂದ ಬರಬಾರದು.

ಅವರಿಂದಲೇ ಆಗಬೇಕಾದ ಇನ್ನೊಂದು ಕೆಲಸ ನಂಬರ್ ತಪಾಸಣೆ. ನಿಮ್ಮ ಡೇಟಾಬೇಸ್‌ನಲ್ಲಿ ಮೊಬೈಲ್ ನಂಬರ್ ಇದೆ ಎಂದು ಸಮಾಧಾನದಿಂದ ಇರಬೇಡಿ. ಹಿಂದೆ ನಾನು ನೋಡಿದ ಒಂದು ಪಟ್ಟಿಯಲ್ಲಿ ಒಂದೇ ನಂಬರ್ ಮೂವತ್ತಕ್ಕೂ ಹೆಚ್ಚು ರೈತರ ಮುಂದೆ ಇತ್ತು; ಲಾವಣಿ (ಕಬ್ಬು ನಾಟಿ) ನೋಂದಣಿಯ ದಿನ ರೈತರ ಹತ್ತಿರ ನಂಬರ್ ಇಲ್ಲದಿದ್ದಾಗ ಫೀಲ್ಡ್‌ಮನ್ ತಮ್ಮದೇ ಬರೆದಿದ್ದರು. ಕೆಲವು ನಂಬರ್ ಪುಣೆಯಲ್ಲಿ ದುಡಿಯುವ ಮಗನದು. ಕೆಲವು ಖಾತೆ ತೀರಿಹೋದ ತಂದೆಯ ಹೆಸರಿನಲ್ಲಿ, ವಾರಸಾ ಆಗಿಲ್ಲ. ತಾಯಿಯ ಹೆಸರಿನ ಹೊಲಕ್ಕೆ ಮೈದುನನ ನಂಬರ್. ಈ ಕೊನೆಯದನ್ನು ಹಗುರವಾಗಿ ತಗೊಳ್ಳಬೇಡಿ. ಹೊಲ ಆಕೆಯದು, ಕಬ್ಬು ಆಕೆಯದು, ಬಿಲ್ಲಿನ ಸಂದೇಶ ಬೇರೆಯವರ ಕೈಯಲ್ಲಿ ಮಿಣುಕಿದರೆ ಮನೆಯೊಳಗೆ ನೀವು ಕಾಣದ ಜಗಳ ಹುಟ್ಟುತ್ತದೆ. ಆಕೆಯನ್ನೇ ಕೇಳಿ ಬರೆಯಬೇಕು.

ಈ ಕೆಲಸಕ್ಕೆ ನಾಗರಪಂಚಮಿಯ ವಾರ ಒಳ್ಳೆಯದು. ನಮ್ಮ ಕಡೆ ಪಂಚಮಿ ಅಂದರೆ ಮನೆ ತುಂಬ ಜನ: ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಹೊರಗೆ ದುಡಿಯುವ ಹುಡುಗರೂ ಬಂದಿರುತ್ತಾರೆ. ಹಬ್ಬದ ದಿನವೇ ಬಾಗಿಲು ಬಡಿಯಬೇಡಿ. ಮರುದಿನದಿಂದ ಫೀಲ್ಡ್‌ಮನ್‌ಗಳು ಊರಿಗೊಬ್ಬರಂತೆ ಹೋಗಿ ನಂಬರ್ ಕೇಳಿ, ಅಲ್ಲೇ ನಿಂತು ಒಂದು ಮಿಸ್ಡ್ ಕಾಲ್ ಕೊಟ್ಟು ಖಚಿತ ಮಾಡಿಕೊಳ್ಳಲಿ. ಆ ಹೊತ್ತಿನಲ್ಲಿ ಮನೆಯ ಹುಡುಗನಿಗೆ ಎರಡು ನಿಮಿಷ ವಿವರಿಸಿದರೆ ನಾಲ್ಕನೆಯವನ ಕೆಲಸವೂ ಆಯಿತು.

ಈಗ ಸಂದೇಶದ ಮಾತು. ಸಭೆಗಳಲ್ಲಿ ಇದನ್ನು ಯಾರೂ ಚರ್ಚಿಸುವುದಿಲ್ಲ, ಕೊನೆಗೆ ಸಾಫ್ಟ್‌ವೇರ್ ಕಂಪನಿಯ ಹುಡುಗರು ಏನೋ ಬರೆದು ಹಾಕುತ್ತಾರೆ. ಕನ್ನಡದ ಎಸ್‌ಎಂಎಸ್‌ಗೆ ಮಿತಿ 70 ಅಕ್ಷರ. ಇಂಗ್ಲಿಷಿಗಾದರೆ 160. ದಾಟಿದರೆ ಸಂದೇಶ ಎರಡಾಗಿ ಒಡೆಯುತ್ತದೆ, ಎರಡಕ್ಕೂ ದುಡ್ಡು. ಅದರಲ್ಲೂ ಮೊಬೈಲ್ ಎಣಿಸುವ ಅಕ್ಷರ ನಮ್ಮ ಅಕ್ಷರವಲ್ಲ: ಒತ್ತು, ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡಕ್ಷರ, ಅದರ ಲೆಕ್ಕದಲ್ಲಿ ಏಳು. ‘ವ್ಯವಸ್ಥಾಪಕರು’ ಅಂತ ಸಹಿ ಹಾಕಿದರೆ ಹನ್ನೆರಡು ಹೋಯಿತು.

ತೂಕದ ಸಂದೇಶವನ್ನು ನಾನು ಹೀಗೆ ಬರೆದು ನೋಡಿದೆ:

ಗಾಡಿ 4417 ತುಂಬಿದ್ದು 22.940 ಖಾಲಿ 6.480 ಕಬ್ಬು 16.460 ಟನ್ 12/11 ರಾತ್ರಿ 9.40

ಎಣಿಸಿದರೆ 72. ಎರಡು ಹೆಚ್ಚಾಯಿತು. ‘ತುಂಬಿದ್ದು’ ತೆಗೆದು ‘ಭರ್ತಿ’ ಹಾಕಿದೆ, 68ಕ್ಕೆ ಬಂತು. ಭರ್ತಿ, ಖಾಲಿ, ಕಬ್ಬು ಈ ಮೂರು ಅಂಕಿಯಲ್ಲಿ ಯಾವುದನ್ನೂ ಬಿಡಬೇಡಿ. ನಿವ್ವಳ ತೂಕವೊಂದನ್ನೇ ಕಳಿಸಿದರೆ ರೈತರಿಗೆ ಕಳೆದು ನೋಡಲು ಬರುವುದಿಲ್ಲ. ಕಳೆದು ನೋಡಲು ಬಾರದ ಲೆಕ್ಕವನ್ನು ಯಾರೂ ನಂಬುವುದಿಲ್ಲ. 2025–26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ (ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ), ಶೇ 10.25 ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 355 ರೂಪಾಯಿ. ಖಾಲಿ ಗಾಡಿಯ ತೂಕದಲ್ಲಿ ಒಂದು ಕ್ವಿಂಟಲ್ ಆಚೀಚೆಯಾದರೂ ಅಷ್ಟು ದುಡ್ಡು. ಕಟಾವಿನ ಇಡೀ ದಿನ ಬಿಸಿಲಲ್ಲಿ ನಿಂತವರಿಗೆ ಅದು ಸಣ್ಣ ಮೊತ್ತವಲ್ಲ.

ಹಳೆಯ ಕೀಪ್ಯಾಡ್ ಫೋನ್‌ಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುವುದೂ ಉಂಟು. ಅಂಕಿಗಳು ಮಾತ್ರ ಕಾಣುತ್ತವೆ. ಅದಕ್ಕೆ ಅಂಕಿಗಳ ಅನುಕ್ರಮ ಎಂದಿಗೂ ಬದಲಾಗಬಾರದು: ಮೊದಲು ಗಾಡಿ, ಆಮೇಲೆ ಭರ್ತಿ, ಖಾಲಿ, ಕಬ್ಬು. ಓದಲು ಬಾರದವರೂ ಎರಡು ವಾರದಲ್ಲಿ ‘ನಾಲ್ಕನೇ ಅಂಕಿ ನಂದು’ ಎಂದು ಕಲಿಯುತ್ತಾರೆ. ಇನ್ನು, ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2018ರ ನಿಯಮದ ಪ್ರಕಾರ ಸಂಸ್ಥೆಯ ಹೆಸರು, ಕಳಿಸಿದವರೆಂದು ಕಾಣುವ ಹೆಸರು (ಹೆಡರ್), ಸಂದೇಶದ ಮಾದರಿ ಎಲ್ಲವೂ ಡಿಎಲ್‌ಟಿ ಎನ್ನುವ, ಮೊಬೈಲ್ ಕಂಪನಿಗಳ ನೋಂದಣಿ ಜಾಲತಾಣದಲ್ಲಿ ಮೊದಲೇ ನೋಂದಣಿಯಾಗಿರಬೇಕು. ನೋಂದಾಯಿಸಿದ ಮಾದರಿಗೂ ಕಳಿಸಿದ ಸಂದೇಶಕ್ಕೂ ಹೊಂದದಿದ್ದರೆ ಅದು ರೈತರನ್ನು ಮುಟ್ಟುವುದೇ ಇಲ್ಲ, ದಾರಿಯಲ್ಲೇ ನಿಲ್ಲುತ್ತದೆ. ಹಂಗಾಮು ಶುರುವಾದ ಮೇಲೆ ‘ಈ ಶಬ್ದ ಬದಲಿಸೋಣ’ ಅಂದರೆ ಮತ್ತೆ ಒಪ್ಪಿಗೆಗೆ ಕಾಯಬೇಕು. ಆದ್ದರಿಂದ ಮೂರೂ ಸಂದೇಶಗಳನ್ನು ಆಗಸ್ಟ್‌ನಲ್ಲೇ ಹತ್ತು ರೈತರಿಗೆ ತೋರಿಸಿ, ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಶಬ್ದ ಬದಲಿಸಿ, ಆಮೇಲೆ ನೋಂದಾಯಿಸಿ.

ಕಾಗದದ ಚೀಟಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಮೊದಲ ಹಂಗಾಮಿನಲ್ಲಿ ಅದನ್ನು ನಿಲ್ಲಿಸಬೇಡಿ. ‘ಕಾಗದ ಉಳಿಯುತ್ತದೆ’ ಎನ್ನುವುದು ಯೋಜನೆಯ ಲಾಭಗಳಲ್ಲಿ ಒಂದೆಂದು ನೀವು ಬರೆದಿದ್ದೀರಿ, ಅದನ್ನು ಈ ವರ್ಷಕ್ಕೆ ಹೊಡೆದುಹಾಕಿ. ನಿಮ್ಮ ಜಿಲ್ಲೆ ಆಲಮಟ್ಟಿಯ ಹಿನ್ನೀರಿಗೆ ಊರುಗಳನ್ನೇ ಬಿಟ್ಟುಕೊಟ್ಟ ಜಿಲ್ಲೆ. ನೋಟಿಸು, ಪರಿಹಾರದ ಆದೇಶ, ಹಕ್ಕುಪತ್ರ, ಒಂದೊಂದು ಕಾಗದಕ್ಕೂ ಬೆಲೆ ತೆತ್ತು ಕಲಿತ ಜನ. ನಾನು ಹೋದ ಎಷ್ಟೋ ಮನೆಗಳಲ್ಲಿ ತೂಕದ ಚೀಟಿಗಳನ್ನು ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದು ನೋಡಿದ್ದೇನೆ, ಐದು ವರ್ಷದ ಹಿಂದಿನವು ಸಹ. ಅಂಥವರಿಗೆ ‘ಇನ್ನು ಚೀಟಿ ಇಲ್ಲ’ ಎಂದು ಹೇಳಿದರೆ ಅವರ ಕಿವಿಗೆ ಬೀಳುವುದು ‘ಇನ್ನು ಪುರಾವೆ ಇಲ್ಲ’ ಎಂದೇ. ಒಂದು ಹಂಗಾಮು ಎರಡೂ ಕೊಡಿ. ಚೀಟಿಯ ಅಂಕಿ, ಮೊಬೈಲಿನ ಅಂಕಿ ನೂರು ಸಲ ತಾಳೆಯಾದ ಮೇಲೆ, ಚೀಟಿ ಬೇಕೋ ಬೇಡವೋ ಎಂದು ಅವರನ್ನೇ ಕೇಳಿ.

ಕಾಟಾ ಗುಮಾಸ್ತರ ಹೆದರಿಕೆ ಬೇರೆ. ‘ಇಷ್ಟು ದಿನ ತೂಕದಾಗ ಮೋಸ ಇತ್ತು, ಅದಕ್ಕ ಮೊಬೈಲ್ ತಂದ್ರು’ ಎಂದು ಊರು ಮಾತಾಡಿದರೆ ಅವರು ತಲೆ ಎತ್ತಿ ಕೂರುವುದು ಹೇಗೆ? ಹಾಗಾಗಿ ನಿಮ್ಮ ಪ್ರಕಟಣೆಯಲ್ಲಿ ‘ಪಾರದರ್ಶಕತೆ’ ಎಂಬ ಪದವನ್ನು ಮೊದಲ ಸಾಲಿಗೆ ತರಬೇಡಿ. ‘ತೂಕವಾದ ತಕ್ಷಣ ಮನೆಯಲ್ಲೇ ತಿಳಿಯಲಿ ಎಂದು’ ಅಂದರೆ ಸಾಕು, ಅದು ನಿಜವೂ ಹೌದು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಕಾಟಾ ಪರೀಕ್ಷಿಸಿ ಮುದ್ರೆ ಹಾಕಬೇಕು. ಈ ಸಲದ ಪರೀಕ್ಷೆಯ ದಿನ ನಾಲ್ಕು ಊರಿನ ರೈತರನ್ನು ಕರೆದು ನಿಲ್ಲಿಸಿ. ಪ್ರಮಾಣಪತ್ರದ ಪ್ರತಿ ಕಾಟಾ ಕಿಟಕಿಯ ಪಕ್ಕದಲ್ಲಿ, ಓದಲು ಬರುವಷ್ಟು ಎತ್ತರದಲ್ಲಿ ಇರಲಿ.

ನಿಮ್ಮ ಪಟ್ಟಿಯಲ್ಲಿ ಆಡಳಿತ ಮಂಡಳಿಯ ಮುಂದೆ ‘ತಿಂಗಳಿಗೊಂದು ವರದಿ’ ಎಂದು ಮಾತ್ರ ಇದೆ. ಅವರಿಗೆ ಈಗಲೇ, ಬರವಣಿಗೆಯಲ್ಲಿ ಹೇಳಬೇಕಾದ ಒಂದು ವಿಷಯವಿದೆ, ಅದನ್ನು ಹೇಳಲು ಹಿಂಜರಿಯಬೇಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬರವಣಿಗೆಯಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ನೀವು ಕಳಿಸುವ ಪ್ರತಿ ತೂಕದ ಸಂದೇಶದಲ್ಲಿ ದಿನಾಂಕವಿದೆ, ಹೊತ್ತು ಇದೆ. ಆ 14 ದಿನದ ಎಣಿಕೆ ಇನ್ನು ರೈತರ ಜೇಬಿನಲ್ಲೇ ಇರುತ್ತದೆ. ಇದು ರೈತರಿಗೆ ಒಳ್ಳೆಯದು, ನಿಮ್ಮ ಕಾರ್ಖಾನೆಗೂ ಮುಂದೆ ಒಳ್ಳೆಯದು. ಆದರೆ ನಿರ್ದೇಶಕರು, ಲೆಕ್ಕಪತ್ರ ವಿಭಾಗದವರು ಇದನ್ನು ಡಿಸೆಂಬರ್‌ನಲ್ಲಿ ರೈತ ಮುಖಂಡರ ಬಾಯಿಂದ ಮೊದಲು ಕೇಳಿದರೆ ಯೋಜನೆಯನ್ನೇ ನಿಲ್ಲಿಸಲು ನೋಡುತ್ತಾರೆ. ನಿಮ್ಮಿಂದ ಈಗಲೇ ಕೇಳಿದರೆ ಹಣದ ವ್ಯವಸ್ಥೆಗೆ ಮೂರು ತಿಂಗಳು ಸಿಗುತ್ತದೆ. ಬಿಲ್ಲಿನ ಸಂದೇಶದಲ್ಲಿ ಕಡಿತವೂ ಕಾಣಬೇಕು: ಪಿಕೆಪಿಎಸ್ ಸಾಲಕ್ಕೆ ಎಷ್ಟು ಹೋಯಿತು, ಕಟಾವು-ಸಾಗಣೆಗೆ ಎಷ್ಟು ಹೋಯಿತು. ಇದಕ್ಕೆ ಪಿಕೆಪಿಎಸ್ ಸೆಕ್ರೆಟರಿಗಳ ಜೊತೆ ಒಂದು ದಿನ ಕೂರಲೇಬೇಕು, ಕಡಿತದ ಪ್ರಶ್ನೆ ಮೊದಲು ಹೋಗುವುದು ಅವರ ಟೇಬಲ್ಲಿಗೆ.

ರೈತ ಸಂಘಟನೆಗಳನ್ನು ನೀವು ‘ಅಪಾಯ’ ಎನ್ನುವ ಅಂಕಣದಲ್ಲಿ ಬರೆದದ್ದು ನನಗೆ ನೋವಾಯಿತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಹಾಕಿ, ತಾವೇ ಮೈಮುರಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರು ಬಿತ್ತು. ಸರಕಾರಕ್ಕೆ ಕಾಯದೆ ನದಿಗೆ ಅಡ್ಡಗೋಡೆ ಕಟ್ಟಿದ ನಾಡಿನ ರೈತರು ಒಂದು ಎಸ್‌ಎಂಎಸ್ ಪದ್ಧತಿಯನ್ನು ಅರ್ಥಮಾಡಿಕೊಳ್ಳಲಾರರೇ? ಮುಖಂಡರನ್ನು ಕಾರ್ಖಾನೆಯ ಗೆಸ್ಟ್‌ಹೌಸ್‌ಗೆ ಕರೆಯಬೇಡಿ, ಅಲ್ಲಿ ಚಹಾ ಕುಡಿದರೂ ಊರಲ್ಲಿ ಅವರಿಗೆ ಮಾತು ಬರುತ್ತದೆ. ನೀವೇ ಅವರ ಊರಿಗೆ ಹೋಗಿ, ಸಂದೇಶದ ಮಾದರಿ ತೋರಿಸಿ, ತಪ್ಪು ಹುಡುಕಿ ಎಂದು ಕೇಳಿ. ಅವರು ಹುಡುಕುತ್ತಾರೆ. ಹಂಗಾಮಿಗೆ ಮುಂಚೆ ಸಿಕ್ಕ ತಪ್ಪು ತಿದ್ದಲು ಬರುತ್ತದೆ.

ಕಟಾವು ಗ್ಯಾಂಗ್‌ಗಳು ನಿಮ್ಮ ಹನ್ನೊಂದರಲ್ಲಿ ಇಲ್ಲವೇ ಇಲ್ಲ. ಬೀಡ್ ಕಡೆಯಿಂದ, ನಮ್ಮ ವಿಜಯಪುರದ ತಾಂಡಾಗಳಿಂದ ಬರುವ ಆ ಜನಕ್ಕೆ ಕೂಲಿ ಸಿಗುವುದು ಟನ್ ಲೆಕ್ಕದಲ್ಲಿ. ತೂಕ ಅವರದೂ ಹೌದು. ಗ್ಯಾಂಗಿನ ಮುಖ್ಯಸ್ಥ ಮುಕಾದಮ್‌ಗೂ ಅದೇ ತೂಕದ ಸಂದೇಶ ಹೋಗಲಿ, ಮರಾಠಿ ಬಲ್ಲವರಿಗೆ ಮರಾಠಿಯಲ್ಲಿ. ಮುಕಾದಮ್‌ಗಳು ಊರಿಗೆ ಬರುವುದೇ ಹಂಗಾಮಿನ ಹೊಸ್ತಿಲಲ್ಲಿ, ಆಗ ಅವರಿಗೆ ಕೇಳಿಸಿಕೊಳ್ಳುವ ಪುರಸೊತ್ತಿಲ್ಲ. ಸಾಗಣೆ ಗುತ್ತಿಗೆಯ ಕರಾರು ಬರೆಯುವಾಗಲೇ ಟ್ರ್ಯಾಕ್ಟರ್ ಮಾಲೀಕರ ಮೂಲಕ ಅವರ ನಂಬರ್ ತಗೊಳ್ಳಿ. ಟ್ರ್ಯಾಕ್ಟರ್ ಡ್ರೈವರ್‌ಗಳಿಗೆ ವಾಟ್ಸಾಪ್‌ನಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಆದರೆ ಅದು ಕಬ್ಬು ವಿಭಾಗದವರ ದನಿಯಲ್ಲಿರಲಿ, ಕಂಪ್ಯೂಟರ್ ವಿಭಾಗದ ದನಿಯನ್ನು ಅವರು ಗುರುತಿಸುವುದಿಲ್ಲ.

ದಿನಗಳ ಲೆಕ್ಕ ಹೀಗೆ ಹೊಂದಿಸಿ. ಈ ತಿಂಗಳು ಕಬ್ಬು ವಿಭಾಗದ ಮುಖ್ಯಸ್ಥರು, ಕಾಟಾದವರು, ಫೀಲ್ಡ್‌ಮನ್‌ಗಳು, ಗೇಟಿನವರು. ಪಂಚಮಿಯ ಸುತ್ತ ನಂಬರ್ ತಪಾಸಣೆ. ಗಣಪತಿ ಹಬ್ಬದ ಹೊತ್ತಿಗೆ ಪಿಕೆಪಿಎಸ್, ರೈತ ಮುಖಂಡರು. ನಿಮ್ಮದು ಸಹಕಾರಿಯೋ ಖಾಸಗಿಯೋ ಬರೆದಿಲ್ಲ. ಸಹಕಾರಿಯಾದರೆ ಸೆಪ್ಟೆಂಬರ್‌ನ ಸರ್ವಸಾಧಾರಣ ಸಭೆಗೆ ಇದನ್ನು ತನ್ನಿ. ಹಂಗಾಮು ಶುರುವಿಗೆ ಬಾಯ್ಲರ್‌ಗೆ ಬೆಂಕಿ ಹಾಕುವ ‘ಬಾಯ್ಲರ್ ಪ್ರದೀಪನ’ದ ದಿನ ಎಲ್ಲರೂ ಒಂದೆಡೆ ಸೇರುತ್ತಾರೆ. ಭಾಷಣದ ಬದಲು ಅಂದು ಒಂದು ಗಾಡಿ ಕಾಟಾದ ಮೇಲೆ ನಿಲ್ಲಿಸಿ, ತೂಗಿ, ಅಲ್ಲಿದ್ದ ರೈತರೊಬ್ಬರ ಮೊಬೈಲ್ ಟಿಂಗ್ ಅನ್ನುವುದನ್ನು ಎಲ್ಲರಿಗೂ ಕೇಳಿಸಿ. ಪತ್ರಿಕಾ ಪ್ರಕಟಣೆ, ಬ್ಯಾನರ್, ಡಂಗುರ ಎಲ್ಲ ಅದರ ಆಮೇಲೆ.

ಒಂದು ರಾತ್ರಿ ಸರ್ವರ್ ನಿಲ್ಲುತ್ತದೆ. ನಿಂತೇ ನಿಲ್ಲುತ್ತದೆ. ಆ ರಾತ್ರಿ ಹೇಳಬೇಕಾದ ಮಾತನ್ನು ಇವತ್ತೇ ಬರೆದು, ಕಾಟಾ ಕಿಟಕಿಯ ಒಳಗಡೆ ಅಂಟಿಸಿಡಿ: ‘ಇವತ್ತ ಮೆಸೇಜ್ ತಡಾ ಆಗ್ತದ್ರಿ. ತೂಕ ಬರಕೊಂಡೀವಿ, ಚೀಟಿ ತಗೊಂಡು ಹೋಗ್ರಿ, ನಾಳೆ ಮಧ್ಯಾಹ್ನದೊಳಗ ಮೊಬೈಲ್‌ಗೆ ಬರ್ತದ.’ ಅದರ ಕೆಳಗೆ ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಒಬ್ಬರ ಹೆಸರು, ನಂಬರ್. ಪಕ್ಕದಲ್ಲಿ ಒಂದು ತಕರಾರು ವಹಿ ಇಡಿ. ಬಂದ ಪ್ರಶ್ನೆ, ಕೇಳಿದವರ ಊರು, ಕೊಟ್ಟ ಉತ್ತರ, ದಿನಾಂಕ. ವಾರಕ್ಕೊಮ್ಮೆ ನೀವೂ ಕಬ್ಬು ವಿಭಾಗದ ಮುಖ್ಯಸ್ಥರೂ ಕೂಡಿ ಅದನ್ನು ಓದಿ. ಎಂ.ಡಿ.ಗೆ ಕೊಡುವ ವರದಿ ಆ ವಹಿಯಿಂದಲೇ ಹುಟ್ಟಲಿ: ಎಷ್ಟು ಸಂದೇಶ ಹೋಯಿತು ಎನ್ನುವುದಕ್ಕಿಂತ ಎಷ್ಟು ಪ್ರಶ್ನೆ ಬಂತು, ಎಷ್ಟು ಉತ್ತರವಿಲ್ಲದೆ ಉಳಿಯಿತು ಎನ್ನುವುದು ಅವರಿಗೆ ಹೆಚ್ಚು ಬೇಕು.

ಕೊನೆಯದಾಗಿ ಭಾಷೆಯ ಪ್ರಶ್ನೆ. ಕನ್ನಡದಲ್ಲಿ ಬರೆಯಿರಿ. ಸಾಫ್ಟ್‌ವೇರ್ ಕಂಪನಿಗೂ ಬ್ಯಾಂಕಿಗೂ ಬೇಕಾದರೆ ಒಂದು ಪುಟದ ಇಂಗ್ಲಿಷ್ ಸಾರ ಸೇರಿಸಿ. ಎಂ.ಡಿ.ಯವರ ಟೇಬಲ್ಲಿಗೆ ಹೋಗುವ ಹಿಂದಿನ ದಿನ, ಆ ಪ್ಲ್ಯಾನನ್ನು ತಗೊಂಡು ಕಾಟಾ ಕೋಣೆಗೆ ಹೋಗಿ ಗುಮಾಸ್ತರಿಗೂ, ಗೇಟಿನ ರಾತ್ರಿ ಪಾಳಿಯವರಿಗೂ ಓದಿ ಹೇಳಿ. ‘ಇದು ಹಂಗಲ್ರಿ’ ಎಂದು ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ತಿದ್ದಿದ ಪ್ರತಿಯನ್ನು ಎಂ.ಡಿ.ಯವರಿಗೆ ಕೊಡಿ, ಇನ್ನೊಂದನ್ನು ನನಗೆ ಕಳಿಸಿ.